ಸಕ್ಕರೆ ಬಿಟ್ಟು ಬೆಲ್ಲ ಹಿಡಿಯುವವರಿಗೆ

‘ನಾವು ಸಕ್ಕರೆ ಬಿಟ್ಟಿದ್ದೇವೆ, ಈಗೇನಿದ್ದರೂ ಬೆಲ್ಲ’ ಎನ್ನುವ ಮನೆಗಳಲ್ಲಿ ಎರಡು ಎಡವಟ್ಟು ನೋಡುತ್ತಿರುತ್ತೇನೆ. ಬೆಲ್ಲ ಒಳ್ಳೇದಲ್ವಾ ಅಂತ ಕೈ ಧಾರಾಳವಾಗುತ್ತದೆ. ಆಮೇಲೆ ಪಾಯಸ ಒಡೆಯುತ್ತದೆ.

ಮೊದಲು ಅಳತೆ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ಹಲ್ಲು ಹುಳುಕಾಗುವುದು, ತೂಕ ಏರುವುದು ತಪ್ಪುವುದಿಲ್ಲ. ಮಧುಮೇಹ ಇದ್ದವರಿಗೆ ಬೆಲ್ಲದ ರಿಯಾಯಿತಿಯೂ ಇಲ್ಲ. ಸೇರಿಸುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಟೀ ಚಮಚದೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಲ್ಲ, ಜೇನು ಎಲ್ಲ ಈ ಲೆಕ್ಕದಲ್ಲೇ ಬರಬೇಕು.

ಇನ್ನು ಕೊಳ್ಳುವುದು. ಹಳದಿಯಾಗಿ ಫಳಫಳ ಹೊಳೆಯುವ ಅಚ್ಚು ಬೆಲ್ಲ ಬೇಡವೇ ಬೇಡ. ಬಣ್ಣ ಬರಲೆಂದು ಆಲೆಮನೆಯಲ್ಲಿ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುವುದುಂಟು. ಕಂದು ಬಣ್ಣದ್ದನ್ನೇ ಕೇಳಿ. ಒಂದು ಚೂರು ನೀರಲ್ಲಿ ಕರಗಿಸಿ ನೋಡಿ, ತಳದಲ್ಲಿ ಬಿಳಿ ಪುಡಿ ಕೂತರೆ ಸೀಮೆಸುಣ್ಣ ಬೆರೆಸಿರಬಹುದು. ದೋಸೆಗಾದರೆ ಮಲೆನಾಡಿನ ಜೋನಿ ಬೆಲ್ಲದ (ನೀರಾಗಿರುವ ಬೆಲ್ಲ) ಮುಂದೆ ಬೇರೇನೂ ಇಲ್ಲ. ಸ್ಟೀವಿಯಾ ಎಂಬ ಸಿಹಿ ಎಲೆಯಿಂದ ತೆಗೆದ ಸಿಹಿಕಾರಕದ ಪೊಟ್ಟಣ ಕೊಳ್ಳುವವರು ಹಿಂಬದಿ ಓದಿ. ಕೆಲವದರಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಇರುತ್ತದೆ, ಅದೂ ರಕ್ತದ ಸಕ್ಕರೆ ಏರಿಸುತ್ತದೆ. ತೂಕ ಇಳಿಸಲು ಸ್ಟೀವಿಯಾದಂಥ ಸಿಹಿಕಾರಕಗಳನ್ನು ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ಜೇನನ್ನು ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಲೇಬಾರದು, ಬಾಟುಲಿಸಂ ಎಂಬ ಕಾಯಿಲೆ ಬರಬಹುದು.

ಈಗ ಪಾಯಸ. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ. ಕುದಿಯುವ ಹಾಲಿಗೆ ಸುರಿದರೆ ಹಾಲು ಒಡೆಯದೆ ಇನ್ನೇನಾಗುತ್ತದೆ? ಒಂದು ಬಟ್ಟಲು ಕುಟ್ಟಿದ ಬೆಲ್ಲಕ್ಕೆ ಕಾಲು ಬಟ್ಟಲು ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಕರಗಿದರೆ ಸಾಕು, ಎಳೆಪಾಕ ಬೇಡ. ಸೋಸುವಾಗ ಕೊನೆಯ ಒಂದು ಚಮಚ ಪಾತ್ರೆಯಲ್ಲೇ ಬಿಡಿ, ಮರಳು ಇರುವುದು ಅಲ್ಲೇ. ಅಕ್ಕಿಯೋ ಶಾವಿಗೆಯೋ ಹಾಲಿನಲ್ಲಿ ಪೂರ್ತಿ ಬೆಂದಿರಲಿ, ಬೆಲ್ಲ ಬಿದ್ದ ಮೇಲೆ ಸರಿಯಾಗಿ ಬೇಯುವುದಿಲ್ಲ. ಒಲೆ ಆರಿಸಿ. ಬೆರಳು ಅದ್ದಿದರೆ ಸುಡದಷ್ಟು ಆರಲಿ. ಬೆಲ್ಲದ ನೀರೂ ಉಗುರುಬೆಚ್ಚಗಾದ ಮೇಲೆ ಸೌಟಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟು ಕಲಕಿ. ಮತ್ತೆ ಕುದಿಸಬೇಡಿ. ಚಿಟಿಕೆ ಸೋಡಾ ಹಾಕಿ ಬಚಾವಾಗುವವರೂ ಇದ್ದಾರೆ. ಆ ಸೋಡಾ ರುಚಿ ನನಗಂತೂ ಆಗದು. ಅಷ್ಟೊಂದು ತಾಳ್ಮೆ ಇಲ್ಲದವರು ಕಾಯಿಹಾಲಿನ ಹೆಸರುಬೇಳೆ ಪಾಯಸ ಮಾಡಿಕೊಳ್ಳುವುದೇ ಸುಖ.

ಕಾಫಿಗೂ ಹಾಗೇ. ಬೆಲ್ಲವನ್ನು ಮೊದಲು ಡಿಕಾಕ್ಷನ್‌ನಲ್ಲಿ ಕರಗಿಸಿ, ಹಾಲು ಕುದಿ ಇಳಿದ ಮೇಲೆ ಬೆರೆಸಿ.