ನಾಲ್ಕು ತಂತಿವಾದ್ಯಗಳಿಂದ ಎರಡು ಕೈಗಳಿಗೆ: ಫಿಂಗರಿಂಗ್ ಮತ್ತು ಅಳವಡಿಕೆಯ ಬಗ್ಗೆ ನನ್ನ ಅನುಭವ

ಪಿಯಾನೊ ಕಲಿಯುವವರಿಗೆ ಫಿಂಗರಿಂಗ್, ಅಂದರೆ ಯಾವ ಸ್ವರಕ್ಕೆ ಯಾವ ಬೆರಳು ಎಂಬ ನಿರ್ಧಾರ, ಮೊದಲ ಪಾಠಗಳಲ್ಲೇ ಪರಿಚಯವಾಗುತ್ತದೆ: ಹೆಬ್ಬೆರಳು 1, ಕಿರುಬೆರಳು 5, ಎರಡೂ ಕೈಗಳಿಗೆ ಒಂದೇ ಎಣಿಕೆ. ಸಿ ಮೇಜರ್ ಸ್ಕೇಲನ್ನು ಬಲಗೈಯಲ್ಲಿ 1-2-3-1-2-3-4-5 ಎಂದು ನುಡಿಸಲು ಬಂದ ಮೇಲೆ, ಮುದ್ರಿತ ಸ್ಕೋರಿನಲ್ಲಿ ಸಂಪಾದಕರು ಬರೆದಿಟ್ಟ ಅಂಕಿಗಳನ್ನು ಪಾಲಿಸುವುದು ರೂಢಿಯಾಗಿಬಿಡುತ್ತದೆ. ಆ ಅಂಕಿಗಳು ಕೈಯ ಅನುಕೂಲಕ್ಕಷ್ಟೇ ಇರುವುದಲ್ಲ, ಸಂಗೀತದ ಸಾಲು ಎಲ್ಲಿ ಉಸಿರೆಳೆಯಬೇಕು, ಎಲ್ಲಿ ಒತ್ತು ಬೀಳಬೇಕು ಎಂಬುದನ್ನೂ ಅವೇ ನಿರ್ಧರಿಸುತ್ತವೆ ಎಂಬುದು ನನಗೆ ಪೂರ್ತಿಯಾಗಿ ಮನವರಿಕೆಯಾದದ್ದು ಅಂಕಿಗಳೇ ಇಲ್ಲದ ಪುಟಗಳನ್ನು ನಾನೇ ಬರೆಯತೊಡಗಿದಾಗ. ಶೂಬರ್ಟ್ 1824ರಲ್ಲಿ ರಚಿಸಿದ ಡಿ ಮೈನರ್ ಸ್ಟ್ರಿಂಗ್ ಕ್ವಾರ್ಟೆಟ್‌ನ (ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೊ ನುಡಿಸುವ ರಚನೆ) ಎರಡನೆಯ ಭಾಗವನ್ನು ಒಂದೇ ಪಿಯಾನೊಗೆ ಅಳವಡಿಸಿದ ಕೆಲಸವದು. ಜಿ ಮೈನರ್‌ನಲ್ಲಿರುವ ಆ ಭಾಗ ಒಂದು ಥೀಮ್ (ಮೂಲ ರಾಗಸಾಲು) ಮತ್ತು ಅದನ್ನೇ ಬಗೆಬಗೆಯಾಗಿ ಬದಲಿಸುವ ವೇರಿಯೇಷನ್‌ಗಳಿಂದ ಕೂಡಿದೆ.

ಥೀಮ್ ನೋಡಲು ಸರಳ. ಒಂದು ದೀರ್ಘ, ಎರಡು ಹ್ರಸ್ವ ಎಂಬ ಲಯದಲ್ಲಿ ನಾಲ್ಕೂ ವಾದ್ಯಗಳು ಬಹಳ ಮೆಲ್ಲಗೆ, ಒಟ್ಟಾಗಿ ಸಾಗುತ್ತವೆ. ನಾಲ್ಕು ಸಾಲುಗಳನ್ನು ಹಾಗೆಯೇ ಎರಡು ಕೈಗಳಿಗೆ ಹಂಚಿದರೆ ಎಲ್ಲ ಸ್ವರಗಳೂ ಕೈಗೆ ಸಿಗುತ್ತವೆ, ಆದರೆ ಕಿವಿಗೆ ಬೀಳುವುದು ಬೇರೆಯೇ ನಾದ. ತಂತಿವಾದ್ಯದ ಸ್ವರ ಕಮಾನು ಎಳೆಯುವಷ್ಟು ಹೊತ್ತು ಬದುಕಿರುತ್ತದೆ, ನಡುವೆ ಬೆಳೆಯಲೂಬಹುದು. ಪಿಯಾನೊದ ಸ್ವರ ಸುತ್ತಿಗೆ ಬಿದ್ದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಒಂದೇ ಸ್ವರ ಮರುಕಳಿಸುವ ಇಂಥ ರಾಗಸಾಲಿನಲ್ಲಿ ಪ್ರತಿ ಸ್ವರವೂ ಹೊಸ ಹೊಡೆತವಾಗಿ ಕೇಳಿಸಿದರೆ ಥೀಮ್ ಚೂರುಚೂರಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಕೀಯನ್ನು ಪೂರ್ತಿ ಮೇಲೇಳಲು ಬಿಡದೆ, ಬೆರಳನ್ನು ಅದರ ಮೇಲೆಯೇ ಇಟ್ಟುಕೊಂಡು, ಅರ್ಧದಿಂದಲೇ ಮತ್ತೆ ಒತ್ತುವುದು. ಗ್ರ್ಯಾಂಡ್ ಪಿಯಾನೊದಲ್ಲಿ ಇದು ಸಾಧ್ಯವಾಗುವುದು ಸೆಬಾಸ್ಟಿಯನ್ ಎರಾರ್ 1821ರಲ್ಲಿ ಪೇಟೆಂಟ್ ಪಡೆದ ಡಬಲ್ ಎಸ್ಕೇಪ್‌ಮೆಂಟ್ ವ್ಯವಸ್ಥೆಯಿಂದ. ಕೀ ಸಂಪೂರ್ಣವಾಗಿ ಹಿಂತಿರುಗುವ ಮೊದಲೇ ಸುತ್ತಿಗೆ ಮುಂದಿನ ಹೊಡೆತಕ್ಕೆ ಸಜ್ಜಾಗಿರುತ್ತದೆ. ಸಾಮಾನ್ಯ ಅಪ್‌ರೈಟ್ ಪಿಯಾನೊದಲ್ಲಿ ಆ ಸೌಲಭ್ಯವಿಲ್ಲದ ಕಾರಣ ಅಲ್ಲಿ ಸ್ವರವನ್ನು ಹಿಡಿದಿಡುವ ಪೆಡಲ್‌ನ ಮೇಲೆ ಹೆಚ್ಚು ಅವಲಂಬಿಸಬೇಕಾಗುತ್ತದೆ. ಎರಡರಲ್ಲೂ ನಾನು ಪೆಡಲ್ ಬದಲಿಸುವುದು ಹೊಸ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನುಡಿದ ಮರುಕ್ಷಣದಲ್ಲಿ, ಅದರ ಜೊತೆಯಲ್ಲಲ್ಲ. ಹಾಗೆ ಮಾಡಿದರೆ ಹಳೆಯ ಸ್ವರ ಹೊಸದರ ಅಂಚನ್ನು ಮುಟ್ಟಿದ ಮೇಲೆಯೇ ನಿಲ್ಲುತ್ತದೆ.

ಇನ್ನು ಮೇಲಿನ ಸ್ವರದ ವಿಷಯ. ಬಲಗೈಯಲ್ಲಿ ಎರಡು ಮೂರು ಸ್ವರಗಳನ್ನು ಒಟ್ಟಿಗೆ ಹಿಡಿದಾಗ ರಾಗಸಾಲು ಬೀಳುವುದು ಅತಿ ದುರ್ಬಲವೆನಿಸಿಕೊಂಡ 4 ಮತ್ತು 5ನೆಯ ಬೆರಳುಗಳಿಗೆ. ಉಂಗುರ ಬೆರಳಿನ ಸ್ನಾಯುರಜ್ಜು ಪಕ್ಕದ ಬೆರಳುಗಳ ರಜ್ಜುಗಳೊಂದಿಗೆ ಅಂಗೈ ಹಿಂಭಾಗದಲ್ಲಿ ಬೆಸೆದುಕೊಂಡಿರುವುದರಿಂದ ಅದನ್ನು ಸ್ವತಂತ್ರವಾಗಿ ಎತ್ತುವುದು ಯಾರಿಗೂ ಸುಲಭವಲ್ಲ, ಮತ್ತು ಅದನ್ನು ಬಲವಂತವಾಗಿ ಎತ್ತೆತ್ತಿ ಬಡಿಯುವ ಅಭ್ಯಾಸ ಅಪಾಯಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆರಳನ್ನು ಎತ್ತುವ ಬದಲು ಮುಂಗೈಯನ್ನು ತುಸು ಹೊರಕ್ಕೆ ಓರೆಯಾಗಿಸಿ ತೋಳಿನ ಭಾರವನ್ನು ಆ ಬದಿಗೆ ಒರಗಿಸಿದರೆ, ಯಾವ ಶ್ರಮವೂ ಇಲ್ಲದೆ ಮೇಲಿನ ಸ್ವರ ಮುಂದೆ ಬರುತ್ತದೆ. ಎಲ್ಲ ಬೆರಳುಗಳನ್ನೂ ಸಮಬಲವಾಗಿಸಬೇಕು ಎಂಬ ಹಳೆಯ ನಂಬಿಕೆಯನ್ನು ಶೋಪೆನ್ ಒಪ್ಪಿರಲಿಲ್ಲ. ಪ್ರತಿ ಬೆರಳಿಗೂ ಅದರದೇ ನಾದವಿದೆ, ಅದನ್ನು ಕೆಡಿಸಬಾರದು ಎಂಬುದು ಅವನ ನಿಲುವು. ಉದ್ದನೆಯ ಮೂರು ಬೆರಳುಗಳು ಕಪ್ಪು ಕೀಗಳ ಮೇಲೆ, ಗಿಡ್ಡನೆಯವೆರಡು ಬಿಳಿ ಕೀಗಳ ಮೇಲೆ ಕೂರುವಂತೆ ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ ಎಂಬ ಐದು ಸ್ವರಗಳ ಮೇಲೆ ಅವನು ಶಿಷ್ಯರ ಕೈಯನ್ನು ಇರಿಸುತ್ತಿದ್ದ. ಆ ಸ್ಥಾನದಲ್ಲಿ ಕೈ ಇಟ್ಟು ನೋಡಿದ ಯಾರಿಗಾದರೂ ಸಿ ಮೇಜರ್ ಸ್ಕೇಲ್ ಕಣ್ಣಿಗೆ ಮಾತ್ರ ಸುಲಭ, ಕೈಗಲ್ಲ ಎಂಬುದು ತಿಳಿಯುತ್ತದೆ.

ಅಳವಡಿಕೆಯ ನಿಜವಾದ ಪರೀಕ್ಷೆ ಎದುರಾದದ್ದು ಎರಡನೆಯ ವೇರಿಯೇಷನ್‌ನಲ್ಲಿ. ಅಲ್ಲಿ ಥೀಮ್ ಚೆಲ್ಲೊಗೆ ವರ್ಗವಾಗುತ್ತದೆ. ಮೊದಲ ವಯಲಿನ್ ಮೇಲೆ ಹದಿನಾರನೆಯ ಸ್ವರಗಳಲ್ಲಿ ಸತತವಾಗಿ ಮಿಡಿಯುತ್ತಿರುತ್ತದೆ. ಎಂದರೆ ಪಿಯಾನೊದಲ್ಲಿ ರಾಗಸಾಲು ಕೀಬೋರ್ಡಿನ ನಟ್ಟನಡುವೆ, ಎರಡೂ ಕೈಗಳ ಹೆಬ್ಬೆರಳುಗಳ ಹತ್ತಿರ ಬಂದು ನಿಲ್ಲುತ್ತದೆ. 19ನೆಯ ಶತಮಾನದಲ್ಲಿ ಪಿಯಾನೊ ವಾದಕ ಥಾಲ್‌ಬರ್ಗ್ ಇದೇ ಸ್ಥಾನವನ್ನು ಬಳಸಿಕೊಂಡು, ನಡುವಿನ ರಾಗವನ್ನು ಎರಡು ಹೆಬ್ಬೆರಳುಗಳಿಗೆ ಹಂಚಿ, ಸುತ್ತಲೂ ಅಲಂಕಾರವನ್ನು ಹರಡಿ, ಮೂರು ಕೈಗಳು ನುಡಿಸುತ್ತಿವೆ ಎಂಬ ಭ್ರಮೆಯನ್ನು ಹುಟ್ಟಿಸುತ್ತಿದ್ದ. ನಾನು ಅದನ್ನೇ ಆಧಾರವಾಗಿಟ್ಟುಕೊಂಡೆ. ಎಡಗೈಯ 5ನೆಯ ಬೆರಳಿಗೆ ಬಾಸ್ (ಅತಿ ಕೆಳಗಿನ ಸ್ವರ), ಬಲಗೈಯ ಹೊರಬೆರಳುಗಳಿಗೆ ವಯಲಿನ್‌ನ ಮಿಡಿತ, ನಡುವಿನ ರಾಗ ಹೆಬ್ಬೆರಳುಗಳಿಗೆ. ಆದರೆ ಹೆಬ್ಬೆರಳು ಸ್ವಭಾವತಃ ಭಾರ, ಮತ್ತು ಒಂದೇ ಹೆಬ್ಬೆರಳಿನಲ್ಲಿ ಸತತವಾಗಿ ನುಡಿಸಿದ ಸ್ವರಗಳು ಎಂದೂ ತಾವಾಗಿ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ರಾಗ ಯಾವ ಸ್ವರದಲ್ಲಿ ಎಡಗೈಯಿಂದ ಬಲಗೈಗೆ ದಾಟಬೇಕು ಎಂಬುದನ್ನು ಕೀಗಳ ಅಂತರ ನೋಡಿ ತೀರ್ಮಾನಿಸದೆ, ಸಾಲನ್ನು ಬಾಯಲ್ಲಿ ಹಾಡಿ, ಉಸಿರು ಸಹಜವಾಗಿ ಎಲ್ಲಿ ತಗ್ಗುತ್ತದೋ ಅಲ್ಲಿಗೆ ದಾಟುವಿಕೆಯನ್ನು ಇಟ್ಟೆ. ಕೆಲವೆಡೆ ಅದರಿಂದ ಕೈಗೆ ಹೆಚ್ಚು ಕಷ್ಟವಾಯಿತು, ಆದರೆ ಆ ಕಷ್ಟ ಕೇಳುಗರಿಗೆ ತಲುಪುವುದಿಲ್ಲ; ತಪ್ಪು ಜಾಗದಲ್ಲಿ ಬಿದ್ದ ಒತ್ತು ತಲುಪಿಯೇ ತಲುಪುತ್ತದೆ.

ವಯಲಿನ್‌ನ ಮಿಡಿತಕ್ಕೂ ಇದೇ ನ್ಯಾಯ. ಒಂದೇ ಕೀಯನ್ನು ವೇಗವಾಗಿ ಮರುನುಡಿಸುವಾಗ 4-3-2-1 ಎಂದು ಬೆರಳು ಬದಲಿಸುವುದು ಶಾಸ್ತ್ರೀಯ ಪರಿಹಾರ, ಆದರೆ ಹೆಬ್ಬೆರಳು ರಾಗದಲ್ಲಿ ತೊಡಗಿರುವಾಗ ಆ ದಾರಿ ಮುಚ್ಚಿರುತ್ತದೆ. ಮೂಲದ ಎಲ್ಲ ಸ್ವರಗಳನ್ನೂ ಉಳಿಸಿಕೊಂಡೇ ತೀರುತ್ತೇನೆ ಎಂದು ಹೊರಟರೆ ಇಲ್ಲಿ ಕೈ ಬಿಗಿಯುತ್ತದೆ. ನಾನು ಒಂದೇ ಸ್ವರದ ಮಿಡಿತವನ್ನು ಆಯಾ ಕಾರ್ಡಿನ ಎರಡು ಸ್ವರಗಳ ನಡುವಿನ ತೂಗಾಟವಾಗಿ ಬದಲಿಸಿದೆ. ಕಾಗದದ ಮೇಲೆ ಅದು ಮೂಲಕ್ಕಿಂತ ಬೇರೆ, ಆದರೆ ಮುಂಗೈಯ ಸಣ್ಣ ತಿರುಗಾಟದಿಂದ ದಣಿವಿಲ್ಲದೆ ನುಡಿಸಬಹುದಾದ್ದರಿಂದ, ಒಳಗಿನ ಚಡಪಡಿಕೆ ಉಳಿಯುತ್ತದೆ ಮತ್ತು ಚೆಲ್ಲೊದ ಹಾಡಿಗೆ ಜಾಗ ಸಿಗುತ್ತದೆ.

ಬಾಸ್ ಭಾಗದಲ್ಲಿ ತೊಂದರೆ ಇನ್ನೊಂದು ಬಗೆಯದು. ಚೆಲ್ಲೊದ ಕೆಳಗಿನ ಖಾಲಿ ತಂತಿ ಕೀಬೋರ್ಡಿನ ನಡುವಿನ ಮಿಡಲ್ ಸಿಗಿಂತ ಎರಡು ಆಕ್ಟೇವ್ (ಸಪ್ತಕ) ಕೆಳಗಿದೆ. ಪಿಯಾನೊದ ಆ ಪ್ರದೇಶದಲ್ಲಿ ತಂತಿಗಳು ದಪ್ಪ, ಉಪಸ್ವರಗಳು ದಟ್ಟ. ಅಲ್ಲಿ ಮೂರನೆಯ ಅಂತರದ (ಸ್ಕೇಲಿನಲ್ಲಿ ನಡುವೆ ಒಂದು ಸ್ವರ ಬಿಟ್ಟ) ಎರಡು ಸ್ವರಗಳನ್ನು ಒತ್ತೊತ್ತಾಗಿ ಇಟ್ಟರೆ ಹಾರ್ಮನಿ ಕದಡಿ ಹೋಗುತ್ತದೆ. ಆ ಮೂರನೆಯ ಅಂತರವನ್ನು ಹತ್ತನೆಯದಾಗಿ ಹಿಗ್ಗಿಸಿದರೆ ನಾದ ತಿಳಿಯಾಗುತ್ತದೆ, ಆದರೆ ಒಂದು ಆಕ್ಟೇವ್ ಸುಮಾರು 16.5 ಸೆಂಟಿಮೀಟರ್ ಇರುವಾಗ ಹತ್ತನೆಯ ಸ್ವರ ನನ್ನ ಕೈಗೆ ಎಟುಕುವುದಿಲ್ಲ. ಹೀಗಾಗಿ ಕೆಲವೆಡೆ ಬಾಸನ್ನು ತಾಳಕ್ಕಿಂತ ಮುಂಚೆ ಮುಟ್ಟಿ ಪೆಡಲ್‌ನಲ್ಲಿ ಹಿಡಿದೆ, ಕೆಲವೆಡೆ ಮೇಲಿನ ಸ್ವರವನ್ನು ಬಲಗೈಗೆ ವಹಿಸಿದೆ, ಇನ್ನು ಕೆಲವೆಡೆ ಒಳಸ್ವರವೊಂದನ್ನು ಕೈಬಿಟ್ಟೆ. ಕೈಬಿಡುವಾಗ ಮೊದಲು ಹೋಗುವುದು ಬೇರೆಲ್ಲೋ ಈಗಾಗಲೇ ಕೇಳಿಸುತ್ತಿರುವ ಸ್ವರ, ಅದರ ನಂತರ ಐದನೆಯ ಅಂತರದ ಸ್ವರ. ಮೇಜರ್ ಅಥವಾ ಮೈನರ್ ಎಂಬುದನ್ನು ತಿಳಿಸುವ ಮೂರನೆಯದನ್ನು ನಾನು ಎಂದೂ ಬಿಡುವುದಿಲ್ಲ.

ಅಳವಡಿಕೆ ಎಷ್ಟು ತುಂಬಿರಬೇಕು ಎಂಬುದಕ್ಕೆ ಬಾಖ್ ಒಂಟಿ ವಯಲಿನ್‌ಗೆ ಬರೆದ ಷಕೋನ್ ಎಂಬ ರಚನೆಯ ಎರಡು ಪಿಯಾನೊ ರೂಪಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯ ಪಾಠ. 1877ರಲ್ಲಿ ಬ್ರಾಮ್ಸ್ ಅದನ್ನು ಎಡಗೈ ಒಂದಕ್ಕೇ ಬರೆದು, ಒಂಟಿ ವಯಲಿನ್‌ನ ಮಿತಿಯನ್ನೇ ಪಿಯಾನೊದಲ್ಲಿ ಉಳಿಸಿಕೊಂಡರು. 1890ರ ದಶಕದಲ್ಲಿ ಬುಸೋನಿ ಎರಡೂ ಕೈಗಳಿಗೆ ಬರೆದು ಅದನ್ನು ಆರ್ಗನ್‌ನಷ್ಟು ಹರವಾಗಿಸಿದರು. ಇಬ್ಬರಲ್ಲೂ ಅಪಾರ ಜ್ಞಾನವಿದೆ. ನನ್ನ ಒಲವು ಬ್ರಾಮ್ಸ್ ಕಡೆಗೆ, ಏಕೆಂದರೆ ಕ್ವಾರ್ಟೆಟ್‌ನಲ್ಲಿ ಸ್ವರಗಳ ನಡುವಿನ ತೆರವೂ ರಚನೆಯ ಅಂಗವಾಗಿದೆ.

ಫಿಂಗರಿಂಗ್ ಬರೆಯುವ ನನ್ನ ಪದ್ಧತಿಯೂ ಈ ಕೆಲಸದಲ್ಲೇ ರೂಪುಗೊಂಡಿತು. ನಿಧಾನವಾಗಿ ನುಡಿಸುವಾಗ ಯಾವ ಬೆರಳಾದರೂ ಎಲ್ಲಿಗಾದರೂ ತಲುಪುತ್ತದೆ. ಹೆಬ್ಬೆರಳನ್ನು ಅಂಗೈಯ ಕೆಳಗೆ ತೂರಿಸಲು ಬೇಕಾದಷ್ಟು ಸಮಯವಿರುತ್ತದೆ. ಪೂರ್ಣ ವೇಗದಲ್ಲಿ ಹೆಬ್ಬೆರಳು ತೂರುವುದಿಲ್ಲ, ಇಡೀ ಕೈಯೇ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಒಂದೊಂದು ಸಾಲನ್ನು ಬಿಡಿಬಿಡಿಯಾಗಿ ಆದರೂ ನಿಜವಾದ ವೇಗದಲ್ಲಿ ನುಡಿಸಿ ನೋಡಿ, ಆಮೇಲೆ ಬೆರಳನ್ನು ಗೊತ್ತುಪಡಿಸಿ, ಅದೇ ಬೆರಳಿನಿಂದ ನಿಧಾನದ ಅಭ್ಯಾಸ ಮಾಡುತ್ತೇನೆ. ಸಾಲಿನ ಗುರಿ ಯಾವ ಸ್ವರವೋ ಅಲ್ಲಿಗೆ ಸರಿಯಾದ ಬೆರಳನ್ನು ಮೊದಲು ನಿಲ್ಲಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಕಪ್ಪು ಕೀಯ ಮೇಲೆ ಹೆಬ್ಬೆರಳು ಕೂಡದೆಂಬ ಹಳೆಯ ನಿಯಮವನ್ನು ಸಂದರ್ಭ ಬಂದಾಗ ಮೀರುತ್ತೇನೆ. 1753ರ ತನ್ನ ಗ್ರಂಥದಲ್ಲಿ ಹೆಬ್ಬೆರಳಿಗೆ ಪ್ರಧಾನ ಸ್ಥಾನ ಕೊಟ್ಟ, ಆ ಷಕೋನ್ ಬರೆದ ಬಾಖ್‌ನ ಮಗ ಸಿ. ಪಿ. ಇ. ಬಾಖ್, ತನ್ನ ತಂದೆಯ ಎಳವೆಯ ಕಾಲದ ದೊಡ್ಡ ವಾದಕರು ಅದನ್ನು ಅಗಲವಾದ ಅಂತರಗಳಿಗೆ ಮಾತ್ರ ಬಳಸುತ್ತಿದ್ದರೆಂದು ದಾಖಲಿಸಿದ್ದಾನೆ; ಇಂಥ ನಿಯಮಗಳು ವಾದ್ಯ ಮತ್ತು ಸಂಗೀತದೊಂದಿಗೆ ಬದಲಾಗುತ್ತ ಬಂದಿವೆ.

ಡೆಬ್ಯುಸಿ 1915ರ ತನ್ನ ಎಟ್ಯೂಡ್‌ಗಳಲ್ಲಿ (ಅಭ್ಯಾಸ ರಚನೆಗಳಲ್ಲಿ) ಫಿಂಗರಿಂಗ್ ಕೊಡದೆ, ಕೈಗಳು ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುವುದರಿಂದ ಅದನ್ನು ವಾದಕರೇ ಹುಡುಕಿಕೊಳ್ಳಲಿ ಎಂದ. ನಾನು ಪೂರ್ತಿಯಾಗಿ ಆ ದಾರಿ ಹಿಡಿಯಲಿಲ್ಲ. ನನಗಿಂತ ಚಿಕ್ಕ ಕೈಗಳ ಸಹಪಾಠಿಯೊಬ್ಬರು ನನ್ನ ಪ್ರತಿಯನ್ನು ನುಡಿಸಿ ನೋಡಿದಾಗ, ನನ್ನ ಅಂಕಿಗಳಲ್ಲಿ ಹೆಚ್ಚಿನವು ಅವರಿಗೆ ಅಡ್ಡಿಯಾದವು, ಆದರೆ ರಾಗ ಕೈಯಿಂದ ಕೈಗೆ ದಾಟುವ ಜಾಗಗಳ ಅಂಕಿಗಳಿಲ್ಲದೆ ಅವರಿಗೆ ಸಾಲು ಅರ್ಥವಾಗುತ್ತಿರಲಿಲ್ಲ. ಅವರ ಸಲಹೆಯಂತೆ ಅಂತಿಮ ಪ್ರತಿಯಲ್ಲಿ ಆ ದಾಟುವಿಕೆಗಳಿಗೆ ಮಾತ್ರ ಅಂಕಿ ಇಟ್ಟು, ಎಟುಕದ ಬಾಸ್ ಸ್ವರಗಳಿಗೆ ಬದಲಿ ರೂಪಗಳನ್ನು ಸಣ್ಣ ಅಕ್ಷರದಲ್ಲಿ ಮೇಲಿನ ಸಾಲಿನಲ್ಲಿ ಬರೆದಿದ್ದೇನೆ.