ಅಪ್ಪನಿಗೆ ಕರೆಂಟ್ (ರೇಡಿಯೇಷನ್) ಕೊಡುವಾಗ ನೆಲ್ಲಿಕಾಯಿ ಜ್ಯೂಸ್: ನನ್ನ ಅನುಭವ

ಹಾಸನದಲ್ಲಿ ಡಿಗ್ರಿ ಹುಡುಗರಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಡಿಸೆಂಬರ್ ಬಂತೆಂದರೆ ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ನೆಲ್ಲಿಕಾಯಿ ರಾಶಿ ಬೀಳುತ್ತದೆ. ಆಗ ಫೈನಲ್ ಇಯರ್‌ನವರಿಂದ ಒಂದು ಪ್ರಾಜೆಕ್ಟ್ ಮಾಡಿಸುತ್ತೇನೆ. ಡಿಪಿಪಿಎಚ್ ಅನ್ನೋ ಪುಡಿಯನ್ನು ಮೆಥನಾಲ್‌ನಲ್ಲಿ ಕರಗಿಸಿದರೆ ಕಡು ನೇರಳೆ ಬಣ್ಣ ಬರುತ್ತದೆ. ಅದೊಂದು, ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ ಅಣು, ಅಂದರೆ ಫ್ರೀ ರ‍್ಯಾಡಿಕಲ್. ನೆಲ್ಲಿಕಾಯಿ ತುರಿದು, ಬಟ್ಟೆಯಲ್ಲಿ ಹಿಂಡಿ, ರಸವನ್ನು ನೂರು ಪಟ್ಟು ತೆಳ್ಳಗೆ ಮಾಡಿ ಅದಕ್ಕೆ ಹಾಕುತ್ತೇವೆ. ಅರ್ಧ ಗಂಟೆ ಕತ್ತಲಲ್ಲಿಟ್ಟು ತೆಗೆದರೆ ನೇರಳೆ ಹೋಗಿ ಹಳದಿ ಆಗಿರುತ್ತದೆ. ರಸ ಆ ಅಣುಗಳನ್ನು ಮುಗಿಸಿದೆ ಅಂತ ಅರ್ಥ. ಹುಡುಗರ ಕಣ್ಣು ಆಗ ಅರಳುವುದನ್ನು ನೋಡಬೇಕು.

ದಾಳಿಂಬೆಯಲ್ಲಿ ಮೊದಲ ಸಲ ಎಡವಿದೆವು. ಉಳಿದ ನೇರಳೆ ಎಷ್ಟು ಬೆಳಕು ಹೀರುತ್ತದೆ ಅಂತ ನಾವು ಅಳೆಯುವುದು ಬೆಳಕಿನ ತರಂಗಾಂತರ 517 ನ್ಯಾನೋಮೀಟರ್‌ನಲ್ಲಿ. ದಾಳಿಂಬೆಯ ಕೆಂಪು ಕೂಡ ಅಲ್ಲೇ ಬೆಳಕು ಹೀರುತ್ತದೆ. ಹಾಗಾಗಿ ರಸಕ್ಕೆ ಶಕ್ತಿಯೇ ಇಲ್ಲವೇನೋ ಅನ್ನುವಂತೆ ರೀಡಿಂಗ್ ಬಂತು. ಡಿಪಿಪಿಎಚ್ ಇಲ್ಲದೆ ಬರೀ ರಸ ಮತ್ತು ಮೆಥನಾಲ್ ಇರುವ ಇನ್ನೊಂದು ಟ್ಯೂಬ್ ಇಟ್ಟು, ಆ ರೀಡಿಂಗ್ ಕಳೆದ ಮೇಲೆ ಲೆಕ್ಕ ಸರಿಹೋಯಿತು.

ಅಂಥದ್ದೊಂದು ಪ್ರಾಜೆಕ್ಟ್ ನಡೆಯುವಾಗಲೇ ಅಪ್ಪನಿಗೆ ಗಂಟಲು ಕ್ಯಾನ್ಸರ್ ಅಂತ ಗೊತ್ತಾಯಿತು. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು ರೇಡಿಯೇಷನ್ ತೆಗೆದುಕೊಂಡರು. ನಮ್ಮ ಕಡೆ ಕರೆಂಟ್ ಕೊಡೋದು ಅಂತಾರಲ್ಲ, ಅದು. ವಾರಕ್ಕೆ ಐದು ದಿನ, ದಿನಕ್ಕೆ 2 ಗ್ರೇ (ವಿಕಿರಣದ ಪ್ರಮಾಣದ ಅಳತೆ), ಒಟ್ಟು 35 ಸಲ. ಹೊರಗೆ ಬಂದಾಗ ತಲೆ ಅಲುಗಾಡದಂತೆ ಹಾಕುವ ಬಿಳಿ ಮುಖವಾಡದ ಜಾಲರಿ ಗುರುತು ಅವರ ಹಣೆ ಮೇಲೆ ಹಾಗೇ ಇರುತ್ತಿತ್ತು.

ನನ್ನ ಲೆಕ್ಕ ಸರಳವಾಗಿತ್ತು. ಕಿರಣ ಜೀವಕೋಶದ ನೀರಿಗೆ ಬಡಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ, ಅದು ಡಿಎನ್‌ಎ ಮುರಿಯುತ್ತದೆ. ಎಕ್ಸ್‌ರೇ ಮಾಡುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೇ ಆಗುವುದು. ರಸ ರ‍್ಯಾಡಿಕಲ್ ಕೊಲ್ಲುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ. ಹಾಗಾದರೆ ಅಪ್ಪನ ಒಳ್ಳೆಯ ಜೀವಕೋಶಗಳನ್ನೂ ಅದು ಕಾಪಾಡಬೇಕು. ದಿನಾ ಬೆಳಿಗ್ಗೆ ಒಂದು ದೊಡ್ಡ ಲೋಟ ಗಟ್ಟಿ ನೆಲ್ಲಿ ರಸ ಶುರು ಮಾಡಿದೆ. ಜೊತೆಗೆ ವಿಟಮಿನ್ ಇ ಮಾತ್ರೆ, ಅದೂ ಅಂಥ ಅಣುಗಳನ್ನು ತಡೆಯುವಂಥದ್ದೇ.

ಮೊದಲ ವಾರದ ತಪಾಸಣೆಯಲ್ಲಿ ಡಾಕ್ಟರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಸರ್, ಗಡ್ಡೆ ಸಾಯೋದೂ ಅದೇ ರ‍್ಯಾಡಿಕಲ್‌ನಿಂದ ಅಲ್ವಾ?” ನನಗೆ ಮಾತೇ ಹೊರಡಲಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ-ಕುತ್ತಿಗೆ ಕ್ಯಾನ್ಸರ್ ಇದ್ದ 540 ಜನರ ಮೇಲೆ ನಡೆದ ಅಧ್ಯಯನದ ಬಗ್ಗೆ ಹೇಳಿದರು. 2005ರಲ್ಲಿ ಅದರ ಫಲಿತಾಂಶ ಬಂದಿತ್ತು. ವಿಟಮಿನ್ ಇ ಮತ್ತು ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಿಗೆ ಅಡ್ಡ ಪರಿಣಾಮವೇನೋ ಕಡಿಮೆ ಇತ್ತು. ಆದರೆ ಗಡ್ಡೆ ಅದೇ ಜಾಗದಲ್ಲಿ ಮರಳಿ ಬರುವುದು ಜಾಸ್ತಿ ಇರುವಂತೆ ಕಂಡಿತು. ಮಾತ್ರೆ ಅವತ್ತೇ ನಿಲ್ಲಿಸಿದೆ. ಹಣ್ಣನ್ನು ಊಟದ ಹಾಗೆ ತಿನ್ನಲು ಅಡ್ಡಿ ಇಲ್ಲ ಅಂದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಟ್ಯೂಬಿನಲ್ಲಿದ್ದದ್ದು ಅರ್ಧ ಗಂಟೆ ಕಾದು ಕೂರುವ ರ‍್ಯಾಡಿಕಲ್. ಹೈಡ್ರಾಕ್ಸಿಲ್ ಹಾಗಲ್ಲ, ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ಹೊತ್ತಿನಲ್ಲಿ ಪಕ್ಕದಲ್ಲಿ ಸಿಕ್ಕಿದ್ದನ್ನು ಹಿಡಿದು ಮುಗಿಸುತ್ತದೆ. ಅದನ್ನು ತಡೆಯುವ ವಸ್ತು ಕಿರಣ ಬೀಳುವ ಮೊದಲೇ, ಡಿಎನ್‌ಎ ಹತ್ತಿರವೇ, ಬೇಕಾದಷ್ಟು ಇರಬೇಕು. ಲೋಟದ ರಸ ಅಲ್ಲಿಗೆ ಹೋಗುವಷ್ಟರಲ್ಲಿ ಕರುಳು, ಲಿವರ್ ದಾಟಿ ಬೇರೆಯೇ ಆಗಿರುತ್ತದೆ. ವಿಟಮಿನ್ ಸಿ ಕೂಡ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಂತು, ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತದೆ. ಮಣಿಪಾಲದಲ್ಲಿ ಪಿ. ಉಮಾದೇವಿ ಅವರ ತಂಡ ತುಳಸಿ ಎಲೆಯಲ್ಲಿರುವ ವಸ್ತುಗಳಾದ ಓರಿಯೆಂಟಿನ್, ವೈಸೆನಿನ್‌ಗಳು ಇಲಿಗಳನ್ನು ವಿಕಿರಣದಿಂದ ಕಾಪಾಡಿದ್ದನ್ನು ತೋರಿಸಿತ್ತು. ದೊಡ್ಡ ಕೆಲಸ ಅದು. ಆದರೆ ಅಲ್ಲಿ ಬೇರ್ಪಡಿಸಿದ ವಸ್ತುವನ್ನು ಕಿರಣಕ್ಕೆ ಮೊದಲೇ ಇಂಜೆಕ್ಷನ್ ಕೊಟ್ಟಿದ್ದರು. ಜ್ಯೂಸ್ ಕುಡಿಸಿದ್ದಲ್ಲ.

ಮೂರನೇ ವಾರಕ್ಕೆ ಅಪ್ಪನ ಬಾಯಿ ಒಳಗೆಲ್ಲ ಹುಣ್ಣು. ನಾನಿನ್ನೂ ಒಂದು ಸಣ್ಣ ಲೋಟ ನೆಲ್ಲಿ ರಸ ಕೊಡುತ್ತಲೇ ಇದ್ದೆ. ಒಂದು ಗುಟುಕು ಬಾಯಿಗೆ ಹಾಕಿಕೊಂಡವರು ಕಣ್ಣು ಮುಚ್ಚಿ, ಕೈಯಲ್ಲಿ ಲೋಟ ದೂರ ತಳ್ಳಿದರು. “ಉರಿತದೆ ಕಣಪ್ಪ, ಬ್ಯಾಡ” ಅಂದರು. ಆ ಕೈ ನಡುಗುತ್ತಿದ್ದದ್ದು ನನಗೆ ಈಗಲೂ ಮರೆಯಲಾಗಿಲ್ಲ. ಹುಳಿ ಅವತ್ತಿಗೆ ಬಂದ್. ತಣ್ಣಗಾದ ರಾಗಿ ಅಂಬಲಿ, ಹೆಸರುಬೇಳೆ ಗಂಜಿಗೆ ತುಪ್ಪ, ಎಳನೀರು. ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿಸಿದೆವು. ತೂಕ ಇಳಿಯದಂತೆ ನೋಡಿಕೊಳ್ಳುವುದೇ ಆಗ ಮುಖ್ಯ. ಅಷ್ಟಾದರೂ ನಾಲ್ಕು ಕೆಜಿ ಇಳಿದರು.

ಈಗ ಹುಣ್ಣೆಲ್ಲ ವಾಸಿಯಾಗಿದೆ. ಡಾಕ್ಟರನ್ನು ಕೇಳಿಯೇ ಮತ್ತೆ ಶುರು ಮಾಡಿದ್ದೇವೆ. ಒಂದು ನೆಲ್ಲಿಕಾಯಿ ತುರಿದು, ಹಿಂಡಿ, ಮಜ್ಜಿಗೆಗೆ ಸೇರಿಸಿ, ಮಧ್ಯಾಹ್ನ ಊಟದ ಜೊತೆ ಕೊಡುತ್ತೇನೆ. ರೇಡಿಯೇಷನ್ ಆದ ಮೇಲೆ ಎಂಜಲು ಕಡಿಮೆ, ಹಲ್ಲು ಬೇಗ ಹುಳುಕಾಗುತ್ತದೆ. ಹಾಗಾಗಿ ಕುಡಿದ ತಕ್ಷಣ ಬರೀ ನೀರಲ್ಲಿ ಬಾಯಿ ಮುಕ್ಕಳಿಸಬೇಕು. ಅಪ್ಪ ಮರೆತರೆ ಅಮ್ಮ ಚೊಂಬು ಹಿಡಿದು ಪಕ್ಕದಲ್ಲೇ ನಿಲ್ಲುತ್ತಾರೆ.