ಸನ್ಯಾಸಿಯ ತಲೆ ಕ್ಷಿತಿಜದ ಕೆಳಗೆ

ನಿಸರ್ಗಚಿತ್ರದಲ್ಲಿ ಮನುಷ್ಯನನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕುಂಚ ಹಿಡಿದೇ ಕಲಿಯೋಣವೆಂದು ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ‘ಸಮುದ್ರತೀರದ ಸನ್ಯಾಸಿ’ಯನ್ನು ಪ್ರತಿ ಮಾಡಲು ಕುಳಿತೆ. 1808ರಿಂದ 1810ರ ನಡುವೆ ರೂಪುಗೊಂಡ ಈ ತೈಲಚಿತ್ರ ಬರ್ಲಿನ್‌ನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿದೆ. ಮೂಲದ ಅಳತೆ 110 × 171.5 ಸೆಂಟಿಮೀಟರ್. ನಾನು ಅದರ ಅರ್ಧ ಅಳತೆಯ ಕ್ಯಾನ್ವಾಸ್ ಬಿಗಿದುಕೊಂಡೆ.

ಮೊದಲು ಪೆನ್ಸಿಲ್‌ನಲ್ಲಿ ಕ್ಷಿತಿಜದ ಗೆರೆ ಎಳೆದೆ. ಅದು ತೀರಾ ಕೆಳಗಿದೆ. ಚಿತ್ರದ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ಆಕಾಶ. ಕೆಳಗೆ ಕಪ್ಪು ಸಮುದ್ರದ ಪಟ್ಟಿ, ಅದರ ಕೆಳಗೆ ಬಿಳಿಚಿದ ಮರಳ ದಿಬ್ಬ. ಕಣ್ಣಿಗೆ ಆಸರೆಯಾಗಲು ಅಂಚಿನಲ್ಲಿ ಒಂದು ಮರವೂ ಇಲ್ಲ. ಫ್ರೀಡ್ರಿಕ್ ಮೊದಲು ಹಡಗುಗಳನ್ನೂ ರೇಖಿಸಿದ್ದ. ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಬಣ್ಣದ ಅಡಿಯಲ್ಲಿ ಆ ಗೆರೆಗಳು ಕಂಡಿವೆ. ಅವನು ಅವನ್ನು ಏಕೆ ಬಿಟ್ಟನೆಂದು ತಿಳಿಯಲು ನಾನೂ ಬೇರೆ ಕಾಗದದಲ್ಲಿ ಹಡಗುಗಳನ್ನು ಬರೆದು ನೋಡಿದೆ. ಕಣ್ಣು ನೇರವಾಗಿ ಪಟಸ್ತಂಭಕ್ಕೆ ಹೋಯಿತು. ಸನ್ಯಾಸಿ ಯಾರನ್ನೋ ಬೀಳ್ಕೊಡಲು ಬಂದವನಂತೆ ಕಂಡ. ಅಳಿಸಿದೊಡನೆ ಇಡೀ ಚಿತ್ರದಲ್ಲಿ ನೆಟ್ಟಗೆ ನಿಂತವನು ಅವನೊಬ್ಬನೇ ಆದ!

ಆಕಾಶಕ್ಕೆ ತಾಳ್ಮೆ ಬೇಕು. ಬಣ್ಣವನ್ನು ತೆಳುವಾಗಿ ಹಚ್ಚಿ, ಪೂರಾ ಒಣಗಿದ ಮೇಲೆ ಮತ್ತೊಂದು ಪದರ ಹಚ್ಚುತ್ತಾ ಹೋದೆ. ಕುಂಚದ ಗುರುತು ಎದ್ದು ಕಂಡರೆ ದೂರದ ಭಾವ ಕೆಡುತ್ತದೆ.

ಸನ್ಯಾಸಿಯನ್ನು ಕೊನೆಗೆ ಬರೆದೆ. ನನ್ನ ಕ್ಯಾನ್ವಾಸ್‌ನಲ್ಲಿ ಅವನು ಹೆಬ್ಬೆರಳಿನಷ್ಟು ಉದ್ದವೂ ಇಲ್ಲ. ಕಪ್ಪು ನಿಲುವಂಗಿ ಕಪ್ಪು ನೀರಿಗೆ ಅಂಟಿಕೊಳ್ಳುತ್ತದೆ. ಬೇರ್ಪಡಿಸಿ ತೋರುವುದು ತಲೆಯ ಮೇಲಿನ ಚೂರು ಬೆಳಕು, ಕಾಲ ಬಳಿಯ ಮರಳು. ಆ ತಲೆ ಕ್ಷಿತಿಜವನ್ನು ದಾಟುವುದಿಲ್ಲ. ಕಾಗದದಲ್ಲಿ ಕತ್ತರಿಸಿದ ಆಕೃತಿಯನ್ನು ತುಸು ಮೇಲಕ್ಕೆ ಸರಿಸಿ ನೋಡಿದೆ. ತಲೆ ಆಕಾಶಕ್ಕೆ ತಾಗಿದ್ದೇ ತಡ, ಅವನು ದೃಶ್ಯದ ಒಡೆಯನಾದ. ಹ್ಯಾಂಬರ್ಗ್‌ನ ಕುನ್ಸ್ಟ್‌ಹಾಲೆ ಎಂಬ ಕಲಾಸಂಗ್ರಹಾಲಯದಲ್ಲಿರುವ, 1817ರ ಸುಮಾರಿನ ‘ಮಂಜಿನ ಕಡಲಿನ ಮೇಲೆ ಅಲೆಮಾರಿ’ಯಲ್ಲಿ ಫ್ರೀಡ್ರಿಕ್ ಬೇಕೆಂದೇ ಹಾಗೆ ಮಾಡಿದ್ದಾನೆ: ಬೆನ್ನು ತೋರಿಸಿ ನಿಂತವನು ಚಿತ್ರದ ನಟ್ಟನಡುವೆ, ಬಂಡೆಯ ನೆತ್ತಿಯಲ್ಲಿದ್ದಾನೆ. ನನಗೆ ಸನ್ಯಾಸಿಯೇ ಹೆಚ್ಚು ಪ್ರಿಯ. ಅವನನ್ನು ನೋಡುವಾಗ ನಿಸರ್ಗದ ಅಗಾಧತೆ ನನ್ನ ಮೈಗೆ ತಟ್ಟುತ್ತದೆ.

ಈಗ ನನ್ನ ಸ್ವಂತ ಚಿತ್ರಗಳಲ್ಲೂ ಕಾಗದದ ಆಕೃತಿಯನ್ನು ಮೊದಲು ಕ್ಯಾನ್ವಾಸ್ ಮೇಲೆ ಸರಿಸುತ್ತಾ ನೋಡುತ್ತೇನೆ. ತಲೆ ಕ್ಷಿತಿಜದ ಮೇಲೋ ಕೆಳಗೋ ಎಂಬುದು ತೀರ್ಮಾನವಾಗುವವರೆಗೆ ಬಣ್ಣ ಕಲಸುವುದಿಲ್ಲ.